ಎದೆ ಕಾಯಿಲೆ

ಮಾಳದಕೊಪ್ಪಲು
ಮಳವಳ್ಳಿ ತಾಲ್ಲೂಕು
15-7-1973

ಪ್ರಿಯ ಇಂದ್ರ,

ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿ ‘ನಾನು ಕ್ಷೇಮ’ ಎಂದು ಬರೆಯಬೇಕು ಅಂತ ನಾಲ್ಕನೇ ತರಗತಿಯವರಿಗೆ ಮೊನ್ನೆ ತಾನೇ ಕಲಿಸಿದೆ. ನಿನಗೆ ಆ ಸುಳ್ಳು ಬರೆಯಲಾರೆ. ಹತ್ತು ದಿನದಿಂದ ಮತ್ತೆ ಜ್ವರ. ಮಂಡಿ, ಮಣಿಕಟ್ಟು ಎಲ್ಲ ಊದಿಕೊಂಡು ಸೀಮೆಸುಣ್ಣ ಹಿಡಿಯಲು ಬೆರಳು ಮಡಚುವುದಿಲ್ಲ. ಜ್ವರ ಬಿಟ್ಟ ಮೇಲೆ ಬರುವ ಸುಸ್ತು ಇದೆಯಲ್ಲ, ಅದು ಜ್ವರಕ್ಕಿಂತ ಕಡೆ. ಶಾಲೆಯ ಮೂರೇ ಮೂರು ಮೆಟ್ಟಿಲು ಹತ್ತಿ ಬಾಗಿಲು ಹಿಡಿದುಕೊಂಡು ನಿಲ್ಲುತ್ತೇನೆ. ಮಕ್ಕಳು ‘ನಮಸ್ತೆ ಮೇಡಂ’ ಎಂದು ಎದ್ದು ನಿಂತರೆ, ಕೂತುಕೊಳ್ಳಿ ಎನ್ನಲು ನನಗೆ ಉಸಿರು ಬರುವವರೆಗೂ ಪಾಪ ನಿಂತೇ ಇರುತ್ತವೆ.

ನನ್ನ ಕಳ್ಳಾಟಗಳನ್ನೆಲ್ಲ ನಿನಗೊಬ್ಬಳಿಗೆ ಹೇಳುತ್ತೇನೆ, ಕೇಳು. ಕೈ ಮೇಲೆತ್ತಲಾಗುವುದಿಲ್ಲವಾದ್ದರಿಂದ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತೇನೆ. ಒಂದು ಪಾಠ ನಿಂತು, ಒಂದು ಪಾಠ ಕೂತು. ಎದೆ ಹೊಡೆದುಕೊಳ್ಳಲು ಶುರುವಾದರೆ ಮಗ್ಗಿ ಹೇಳಿಸುತ್ತೇನೆ. ಎರಡರಿಂದ ಹತ್ತರವರೆಗೆ ಎಲ್ಲರೂ ಒಟ್ಟಿಗೆ ಕೂಗಿ ಮುಗಿಸುವಷ್ಟರಲ್ಲಿ ಉಸಿರು ಹದಕ್ಕೆ ಬರುತ್ತದೆ. ಬಾರದಿದ್ದರೆ ಹದಿನೈದರವರೆಗೂ ಹೋಗುತ್ತೇವೆ. ನಮ್ಮ ಹೆಡ್‌ಮಾಸ್ಟರ್ ಕೆಂಪಸಿದ್ದಯ್ಯನವರು, ‘ಗೋದಮ್ನೋರೆ, ನಿಮ್ ಕ್ಲಾಸಿನ ಐಕ್ಳು ಮಗ್ಗೀಲಿ ತಾಲ್ಲೂಕ್ಗೇ ಫಸ್ಟು ಕಣ್ರೀ’ ಎಂದು ಹೊಗಳಿದರು. ನನ್ನ ಸುಸ್ತಿಗೆ ಸಿಕ್ಕ ಬಹುಮಾನ ಅದು.

ಮಂಡ್ಯದ ಡಾಕ್ಟರು ಈ ಸಲ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕೆಡಿಸಿದೆಯಂತೆ. ಯಾರಿಗೂ ಅಂಟುವಂಥದ್ದಲ್ಲ. ಮೂರು ವಾರಕ್ಕೊಂದು ಇಂಜೆಕ್ಷನ್ ತಪ್ಪದೆ ಹಾಕಿಸಿಕೊಂಡು, ಮೈಗೆ ಆಯಾಸ ಕಡಿಮೆ ಮಾಡಿಕೊಂಡರೆ ಇನ್ನೂ ಎಷ್ಟೋ ವರ್ಷ ಪಾಠ ಹೇಳಬಹುದು. ತಪ್ಪಿಸಿದರೆ ತಾನು ಏನೂ ಹೇಳಲಾರೆ ಎಂದರು. ಆ ಇಂಜೆಕ್ಷನ್ನಿಗಾಗಿ ಮೂರು ಮೈಲಿ ನಡೆದು, ಮಳವಳ್ಳಿಗೊಂದು ಬಸ್ಸು, ಮದ್ದೂರಿಗೊಂದು, ಅಲ್ಲಿಂದ ಮಂಡ್ಯಕ್ಕೊಂದು. ಇಲ್ಲೇ ಹತ್ತಿರದ ಬ್ಲಫ್ ವಿದ್ಯುತ್ ಕಾಲೋನಿಯ ಡಿಸ್ಪೆನ್ಸರಿಯಲ್ಲಿ ಕೇಳಿದ್ದಾಯಿತು, ಅದನ್ನು ದೊಡ್ಡಾಸ್ಪತ್ರೆಯಲ್ಲೇ ಹಾಕಬೇಕು ಎನ್ನುತ್ತಾರೆ. ಹೋದ ಸಲ ವಾಪಸ್ಸು ಬಂದವಳು ಎರಡು ದಿನ ಏಳಲಿಲ್ಲ.

ಅದಕ್ಕೇ ಇಂದ್ರ, ಈ ಪರಸ್ಪರ ವರ್ಗಾವಣೆ ನನಗೆ ಅನುಕೂಲದ ಮಾತಲ್ಲ, ಬದುಕುವ ಮಾತು. ನಿನ್ನ ಯಜಮಾನರಿಗೆ ಬ್ಲಫ್‌ಗೆ ವರ್ಗವಾಗುತ್ತದೆ ಎಂದಾಗ ನೀನಾಗಿ ಈ ದಾರಿ ಹೇಳಿದೆ. ನೀನು ಇಲ್ಲಿಗೆ, ನಾನು ಮಂಡ್ಯದ ನಿನ್ನ ಶಾಲೆಗೆ. ನನ್ನ ಅರ್ಜಿ ಕಳಿಸಿದ್ದೇನೆ. ನಿನ್ನ ಒಪ್ಪಿಗೆ ಕಾಗದವೊಂದು ಹೋದರೆ ಸಾಕು.

ಒಂದು ಎಚ್ಚರಿಕೆ. ಇಲ್ಲಿ ಎಲ್ಲರಿಗೂ ನನಗೆ ವಾತ ಎಂದೇ ಹೇಳಿದ್ದೇನೆ. ಎದೆ ಕಾಯಿಲೆ ಎಂದರೆ ಈ ಊರಿನಲ್ಲಿ ಕ್ಷಯ, ಬೇರೆ ಅರ್ಥವೇ ಇಲ್ಲ. ಹೋದ ವರ್ಷ ಹಾಗೆ ಕೆಮ್ಮುತ್ತಿದ್ದ ಒಬ್ಬನನ್ನು ಹೊಲದ ಗುಡಿಸಲಿಗೆ ಹಾಕಿದರು. ಆದ್ದರಿಂದ ಆ ಮಾತನ್ನು ಕಾರ್ಡಿನಲ್ಲಿ ಮಾತ್ರ ಬರೆಯಬೇಡ. ನಮ್ಮ ಪೋಸ್ಟ್‌ಮ್ಯಾನ್ ಮರಿಸಿದ್ದಯ್ಯ ಕಾರ್ಡುಗಳನ್ನು ಅಂಗಡಿ ಮುಂದೆ ಕೂತು ಓದಿ ಆಮೇಲೆ ಹಂಚುತ್ತಾನೆ.

ನಿನ್ನ
ಗೋದಾ

ಮಂಡ್ಯ
6-8-1973

ಪ್ರೀತಿಯ ಗೋದಾ,

ನಿನ್ನ ಕಾಗದ ಎರಡೆರಡು ಸಲ ಓದಿದೆ ಕಣೆ. ಮಗ್ಗಿ ವಿಷಯಕ್ಕೆ ನಕ್ಕೆ. ಆಮೇಲೆ ನಕ್ಕಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ನಾನು ಇನ್‌ಲ್ಯಾಂಡ್ ಲೆಟರ್ ಬಿಟ್ಟು ಬೇರೆಯದರಲ್ಲಿ ನಿನಗೆ ಯಾವತ್ತು ಬರೆದಿದ್ದೀನಿ? ನನ್ನ ಮಾತು ಕಾರ್ಡಿಗೆ ಸಾಲುತ್ತಾ?

ಒಪ್ಪಿಗೆ ಕಾಗದಕ್ಕೆ ಹೆಡ್‌ಮಿಸ್ಟ್ರೆಸ್ ಮುಂದೆಯೇ ಸಹಿ ಹಾಕಿ ಕಳಿಸಿಯಾಯಿತು. ನಮ್ಮೆಜಮಾನರ ಕರೆಂಟ್ ಆಫೀಸಿನಲ್ಲಿ ಬ್ಲಫ್ ಆರ್ಡರು ಇವತ್ತೋ ನಾಳೆಯೋ ಅಂತಿದ್ದಾರೆ. ಕ್ವಾರ್ಟರ್ಸು, ನಲ್ಲಿ ನೀರು, ಇಪ್ಪತ್ನಾಲ್ಕು ಗಂಟೆ ದೀಪ. ನಮ್ಮತ್ತೆ ಮಾತ್ರ, ‘ಆ ನೀರ್ ಸದ್ದಲ್ಲಿ ಮನುಸ್ರಿಗೆ ನಿದ್ದೆ ಬಂದದಾ’ ಅಂತ ಈಗಿನಿಂದಲೇ ರಾಗ ತೆಗೆದಿದ್ದಾರೆ. ಬಂದ ಮೇಲೆ ಅಭ್ಯಾಸವಾಗುತ್ತೆ ಬಿಡು. ನಮ್ಮ ಬಾಡಿಗೆ ಮನೆಗೇ ನೀನು ಬಂದುಬಿಡು, ಆಸ್ಪತ್ರೆಗೆ ಹತ್ತು ನಿಮಿಷ ನಡೆದರೆ ಆಯಿತು.

ಟ್ರೈನಿಂಗ್ ಹಾಸ್ಟೆಲಿನಲ್ಲಿ ನನಗೆ ಸಿಡುಬು ಎದ್ದಾಗ ನಮ್ಮ ರೂಮಿನವರೆಲ್ಲ ಹಾಸಿಗೆ ಸುತ್ತಿಕೊಂಡು ಓಡಿದರು. ನೀನೊಬ್ಬಳು ಬೇವಿನ ಸೊಪ್ಪು ಹಿಡಿದುಕೊಂಡು ಹದಿನೈದು ದಿನ ಪಕ್ಕದಲ್ಲಿ ಕೂತಿದ್ದೆ. ನಮ್ಮೂರು ದುದ್ದದಿಂದ ಬಂದ ನಮ್ಮವ್ವ ನಿನ್ನ ನೋಡಿ, ‘ಅಯ್ನೋರ ಮಗು ನಮ್ ಮಗೀಗೆ ಇಂಗ್ ಮಾಡದಾ’ ಅಂತ ಅತ್ತಿದ್ದು ನೆನಪಿದೆಯಾ? ನಾನು ಅದನ್ನೆಲ್ಲ ಮರೆಯುವವಳಲ್ಲ. ದಸರಾ ರಜೆಗೆ ಇಂಜೆಕ್ಷನ್ನಿಗೆ ಬಂದವಳು ಒಂದು ವಾರ ಇಲ್ಲೇ ಇದ್ದುಹೋಗು. ಈ ವರ್ಷ ನಮ್ಮ ಶಾಲೆಗೇ ಸೇರಿದ ಮಗಳು ಹೊಂಬಾಳಿ, ಗೋದತ್ತೆ ಯಾವಾಗ ಬರ್ತಾಳೆ ಅಂತ ದಿನಾ ಪ್ರಾಣ ತಿನ್ನುತ್ತಾಳೆ.

ಇತಿ ನಿನ್ನ
ಇಂದ್ರ

ಮಾಳದಕೊಪ್ಪಲು
16-10-1973

ಪ್ರಿಯ ಇಂದ್ರ,

ಸುಖವಾಗಿ ಊರು ಸೇರಿದೆ. ಒಂದು ವಾರ ನಿನ್ನ ಕೈಯಡುಗೆ ತಿಂದು ಮುಖಕ್ಕೆ ರಕ್ತ ಬಂದಿದೆ ಎಂದು ಪಕ್ಕದ ಮನೆ ಚಿಕ್ಕಬೋರಮ್ಮ ಹೇಳಿದಳು. ನನಗೆ ನೀರು ಸೇದಿ ಕೊಡುವವಳು ಅವಳೇ. ಅವಳ ಮಗಳು ಮಾಯಮ್ಮ ನನ್ನ ತರಗತಿಯಲ್ಲೇ ಇದ್ದಾಳೆ.

ನಿನಗೆ ತೊಂದರೆ ಕೊಟ್ಟೆ ಎಂದು ಬೇಸರವಿದೆ. ಅದರಲ್ಲೂ ಮಂಗಳವಾರ ನೀನು, ‘ನಿನ್ನ ಕಾಗದ ಎಲ್ಲಿಗೆ ಬಂತು ನೋಡಿಕೊಂಡು ಬರ್ತೀನಿ’ ಎಂದು ಅಷ್ಟು ಬಿಸಿಲಿನಲ್ಲಿ ವಿದ್ಯಾ ಇಲಾಖೆ ಆಫೀಸಿಗೆ ಹೋದೆಯಲ್ಲ, ಅದನ್ನು ಹೇಗೆ ಮರೆಯಲಿ. ನೀನು ಬರುವವರೆಗೂ ಹೊಂಬಾಳಿಗೆ ತಲೆ ಬಾಚಿ, ಎರಡು ಜಡೆ ಹಾಕಿ, ಪದ್ಯ ಹೇಳಿಕೊಡುತ್ತಿದ್ದೆ. ನೀನು ಬಂದು ಮಲ್ಲಿಗೆ ಹೂವನ್ನು ನನ್ನ ಕೈಗಿಟ್ಟು ಸುಮ್ಮನೆ ಒಳಗೆ ಹೋದೆ. ಬಿಸಿಲಿಗೆ ತಲೆನೋವು ಬಂದಿರಬೇಕು ಎಂದುಕೊಂಡೆ.

ಹಿತ್ತಲಲ್ಲಿ ಹೊಸದಾಗಿ ನೀರೊಲೆ ಕಟ್ಟಿಸುತ್ತಿದ್ದೀರಿ. ಬಿಟ್ಟು ಹೋಗುವ ಮನೆಗೆ ಯಾಕೆ ಈ ಖರ್ಚು ಎಂದರೆ ನಿನ್ನ ಯಜಮಾನರು ಕರಿಯಪ್ಪನವರು ಮಾತು ತೇಲಿಸಿದರು. ಬರುವವಳು ನಾನೇ ಎಂದು ನನಗಾಗಿ ಕಟ್ಟಿಸುತ್ತಿದ್ದೀರಿ ಎಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಇಷ್ಟೆಲ್ಲ ಯಾಕೆ ಇಂದ್ರ. ನನಗೆ ಬೆಚ್ಚಗೆ ಒಂದು ಚೊಂಬು ನೀರು ಸಿಕ್ಕರೆ ಸಾಕು.

ಆರ್ಡರು ಟೈಪಾಗಿದೆ ಎಂದು ನೀನು ಹೇಳಿದ ಮೇಲೆ ಇಲ್ಲಿನ ನಡೆ ಅಷ್ಟು ದೂರ ಅನ್ನಿಸುತ್ತಿಲ್ಲ.

ನಿನ್ನ
ಗೋದಾ

(ಕಾರ್ಡು)

ಮಂಡ್ಯ
5-11-1973

ಗೋದಾ,

ಎಲ್ಲರೂ ಕ್ಷೇಮ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದಕ್ಕೆ ಒಂದನೇ ತಾರೀಖು ಶಾಲೆಯಲ್ಲಿ ಲಾಡು ಹಂಚಿದರು. ನಿನ್ನ ಎದೆ ಕಾಯಿಲೆ ಈಗ ಹೇಗಿದೆ? ಆಸ್ಪತ್ರೆ ತಪ್ಪಿಸಬೇಡ. ಮಕ್ಕಳನ್ನು ಹತ್ತಿರ ಸೇರಿಸಬೇಡ, ದೂರ ಕೂರಿಸಿಯೇ ಪಾಠ ಹೇಳು. ಕೆಲಸದ ಗಡಿಬಿಡಿ, ಹೆಚ್ಚು ಬರೆಯಲಾಗಲಿಲ್ಲ.

ಇಂದ್ರಮ್ಮ

ಮಾಳದಕೊಪ್ಪಲು
2-12-1973

ಪ್ರಿಯ ಇಂದ್ರ,

ನಿನ್ನ ಕಾರ್ಡು ನನ್ನ ಕೈಗೆ ಬರುವ ಮೊದಲು ಊರೆಲ್ಲ ಸುತ್ತಿತ್ತು. ಮರಿಸಿದ್ದಯ್ಯ ಯಾವತ್ತೂ ನಗುತ್ತ ಒಳಗೆ ಬಂದು ನೀರು ಕೇಳುವವನು, ಅವತ್ತು ಕಾರ್ಡನ್ನು ಜಗುಲಿಯ ಮೇಲಿಟ್ಟು, ಅದರ ಮೇಲೊಂದು ಕಲ್ಲಿಟ್ಟು ಹೋದ.

ಮಾರನೇ ದಿನ ನಲವತ್ತೆರಡು ಮಕ್ಕಳಲ್ಲಿ ಒಂಬತ್ತು ಮಕ್ಕಳು ಬಂದವು. ಅವೂ ಗೋಡೆಗೆ ಒತ್ತಿಕೊಂಡು ಕೂತವು. ಹತ್ತಿರ ಬಾ ಅಂದರೆ ಒಂದು ಹುಡುಗಿ, ‘ದೂರ್ವೇ ಕೂತ್ಕ ಅಂತ ಕಾರ್ಡಲ್ಲಿ ಬರ್ದದಂತೆ’ ಅಂದಳು. ಮಕ್ಕಳನ್ನು ಮೈಮೇಲೆ ಹಾಕಿಕೊಂಡು ಆಯಾಸ ಮಾಡಿಕೊಳ್ಳಬೇಡ ಎಂದು ತಾನೇ ನೀನು ಬರೆದದ್ದು? ನಾನು ಹಾಗೆಯೇ ಓದಿಕೊಂಡೆ. ಊರು ಬೇರೆ ಥರ ಓದಿಕೊಂಡಿತು.

ಚಿಕ್ಕಬೋರಮ್ಮ ಈಗಲೂ ನೀರು ತರುತ್ತಾಳೆ, ಬಿಂದಿಗೆಯನ್ನು ಹೊಸಿಲ ಆಚೆ ಇಟ್ಟು ಕೂಗುತ್ತಾಳೆ. ‘ತಪ್ಪ್ ತಿಳ್ಕಬ್ಯಾಡಿ ಮೇಡಮ್ನೋರೆ. ನನ್ಗೂ ಐಕ್ಳವೆ’ ಎಂದಳು. ತಪ್ಪು ತಿಳಿದುಕೊಳ್ಳಲಿಲ್ಲ. ಆ ಬಿಂದಿಗೆಯನ್ನು ಒಳಗೆ ಎತ್ತಿ ತರುವಷ್ಟರಲ್ಲಿ ಎರಡು ಸಲ ಕೂತೆ.

ಕಾರ್ಡು ಬಂದ ಮುಂದಿನ ವಾರವೇ ಶಾಲಾ ಇನ್ಸ್‌ಪೆಕ್ಟರು ಬಂದರು. ಕೆಂಪಸಿದ್ದಯ್ಯನವರು ನನ್ನ ಪರವಾಗಿ ಎರಡು ಮಾತಾಡಿದರು. ಊರಿನ ನಾಲ್ಕು ಜನ ನನ್ನೆದುರೇ, ‘ಆಯಮ್ಮಂಗೆ ಎದೆ ಕಾಯ್ಲೆ ಕಣ್ ಸ್ವಾಮಿ, ಬ್ಯಾರೆ ಕಡೀಕ್ ಕಳ್ಸುಬುಡಿ’ ಅಂದರು. ಬೇರೆ ಕಡೆಗೇ ಹೋಗಬೇಕು ಅಂತ ನಾನೂ ಅಲ್ಲವೇ ಕಾದಿರುವುದು. ಆದರೆ ಇನ್ಸ್‌ಪೆಕ್ಟರು, ರೋಗದ ವಿಚಾರ ತೀರ್ಮಾನವಾಗುವವರೆಗೂ ಯಾವ ಆರ್ಡರೂ ಹೊರಡುವುದಿಲ್ಲ, ಜಿಲ್ಲಾ ಆಸ್ಪತ್ರೆಯಿಂದ ಸರ್ಟಿಫಿಕೇಟ್ ತನ್ನಿ ಎಂದು ಹೇಳಿ ಹೋದರು. ಮಂಡ್ಯಕ್ಕೆ ಮೂರು ಸಲ ಹೋಗಿ ಬಂದೆ. ಎಕ್ಸ್‌ರೇಗೆ ಒಂದು ದಿನ, ಡಾಕ್ಟರಿಲ್ಲದೆ ಒಂದು ದಿನ, ಸಹಿಗೆ ಒಂದು ದಿನ. ನಿನ್ನ ಮನೆಗೆ ಬರುವಷ್ಟು ಶಕ್ತಿ ಉಳಿಯಲಿಲ್ಲ.

ನೀನು ಬೇಕೆಂದು ಮಾಡಿಲ್ಲ, ನನಗೆ ಗೊತ್ತು. ಮರೆತು ಬರೆದೆ. ಆದರೆ ಈಗ ಒಂದು ಉಪಕಾರ ಮಾಡು. ಇದು ಕ್ಷಯವಲ್ಲ, ಹೃದಯದ ತೊಂದರೆ, ದಸರಾ ರಜೆಯಲ್ಲಿ ಗೋದಾಳ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರ ಬಾಯಿಂದಲೇ ಕೇಳಿದ್ದೇನೆ ಎಂದು ಇಲಾಖೆಗೆ ನಾಲ್ಕು ಸಾಲು ಬರೆದು ಕಳಿಸು. ಇಷ್ಟೇ ಕೇಳುವುದು.

ನಿನ್ನ
ಗೋದಾ

ಮಂಡ್ಯ
20-12-1973

ಗೋದಾ,

ನಿನ್ನ ಕಾಗದ ಬಂದು ವಾರವಾಯಿತು. ಹೊಂಬಾಳಿಗೆ ನೆಗಡಿ, ಅತ್ತೆಗೆ ಮಂಡಿನೋವು, ಶಾಲೆಯಲ್ಲಿ ಜನಗಣತಿಯಂಥದ್ದೇ ಇನ್ನೊಂದು ಲೆಕ್ಕ ಬರೆಯುವ ಕೆಲಸ. ಪುರುಸೊತ್ತೇ ಆಗಲಿಲ್ಲ.

ಕೈಗೆ ಕಾರ್ಡು ಸಿಕ್ಕಿತು, ಬರೆದೆ. ನಿಮ್ಮೂರಿನವರು ಅಷ್ಟು ದಡ್ಡರು ಅಂತ ನನಗೇನು ಗೊತ್ತು. ನೀನು ಕೇಳಿದ ನಾಲ್ಕು ಸಾಲಿನ ವಿಷಯ ನಮ್ಮೆಜಮಾನರಿಗೆ ಹೇಳಿದೆ. ಸರ್ಕಾರಿ ಆಫೀಸಿಗೆ ಸುಮ್ಮನೆ ಏನನ್ನೂ ಬರೆದು ಕೊಡಬಾರದು, ಡಾಕ್ಟರ ಸರ್ಟಿಫಿಕೇಟ್ ಇರುವಾಗ ನಿನ್ನ ಮಾತು ಯಾರು ಕೇಳ್ತಾರೆ ಅಂದರು. ಅದೂ ಸರಿಯೇ ಅನ್ನಿಸಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಜನ ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತಾರೆ.

ಇಂದ್ರಮ್ಮ

ಮಾಳದಕೊಪ್ಪಲು
10-2-1974

ಇಂದ್ರಮ್ಮನವರಿಗೆ,

ಇಲಾಖೆಯಿಂದ ನನಗೊಂದು ಜ್ಞಾಪನ ಬಂದಿದೆ. ವಿಷಯ: ಪರಸ್ಪರ ವರ್ಗಾವಣೆಯ ಪ್ರಸ್ತಾಪವನ್ನು ಕೈಬಿಟ್ಟಿರುವ ಬಗ್ಗೆ. ಅದರ ಕೆಳಗೆ ಉಲ್ಲೇಖ ಎಂಬ ಒಂದು ಸಾಲಿರುತ್ತದೆ ನೋಡು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಆ ಸಾಲನ್ನು ಯಾವತ್ತೂ ಓದಿದವಳಲ್ಲ. ಈ ಸಲ ಓದಿದೆ. ‘ಉಲ್ಲೇಖ: ಶ್ರೀಮತಿ ಇಂದ್ರಮ್ಮ, ಸಹಶಿಕ್ಷಕಿ, ಇವರ ದಿನಾಂಕ 9-10-1973ರ ಮನವಿ.’

ಯಾರೋ ಬೇರೆ ಇಂದ್ರಮ್ಮ ಎಂದುಕೊಂಡೆ. ನಂಬು, ಎರಡು ದಿನ ಹಾಗೇ ಅಂದುಕೊಂಡಿದ್ದೆ. ಆಮೇಲೆ ಇಂಜೆಕ್ಷನ್ನಿಗೆ ಮಂಡ್ಯಕ್ಕೆ ಹೋದವಳು ಆಫೀಸಿಗೆ ಹೋಗಿ ಆ ಮನವಿಯ ನಕಲು ಕೇಳಿದೆ. ಗುಮಾಸ್ತರು ಕೂತುಕೊಳ್ಳಮ್ಮ ಎಂದು ಕುರ್ಚಿ ಕೊಟ್ಟು ಓದಲು ಕೊಟ್ಟರು. ‘ಸದರಿ ಶಿಕ್ಷಕಿಯು ಎದೆ ಕಾಯಿಲೆಯಿಂದ ನರಳುತ್ತಿದ್ದು, ನಮ್ಮ ಮನೆಯಲ್ಲಿ ತಂಗಿದ್ದಾಗ ಕಣ್ಣಾರೆ ಕಂಡಿರುತ್ತೇನೆ. ಅವರು ಪಾಠ ಮಾಡಿದ ಕೊಠಡಿಗೆ ಚಿಕ್ಕ ಮಕ್ಕಳ ತಾಯಿಯಾದ ನಾನು ಹೋಗುವುದು ಅಪಾಯಕರವಾದ್ದರಿಂದ ನನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿರುತ್ತೇನೆ.’ ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ. ಳ ಬರೆಯುವಾಗ ಬಾಲವನ್ನು ಎಳೆಯಬೇಡ ಎಂದು ಟ್ರೈನಿಂಗಿನಲ್ಲಿ ಎಷ್ಟು ಸಲ ಹೇಳಿದ್ದೆ.

ಒಂಬತ್ತನೇ ತಾರೀಖು ಮಂಗಳವಾರ. ನಾನು ನಿನ್ನ ಮನೆಯಲ್ಲಿ ನಿನ್ನ ಮಗಳಿಗೆ ಜಡೆ ಹಾಕುತ್ತಿದ್ದೆ. ನೀನು ನನ್ನ ಕಾಗದ ನೋಡಿಕೊಂಡು ಬರುತ್ತೇನೆಂದು ಹೋಗಿ ಇದನ್ನು ಕೊಟ್ಟು, ಬರುವಾಗ ನನಗೆ ಹೂವು ತಂದೆ.

ಕಾರ್ಡನ್ನೂ ನೀನು ಮರೆತು ಬರೆದದ್ದಲ್ಲ. ಇನ್ಸ್‌ಪೆಕ್ಟರು ವಿಚಾರಣೆಗೆ ಬಂದಾಗ ಊರಿನ ಬಾಯಲ್ಲೂ ಅದೇ ಮಾತಿರಲಿ ಎಂದು ಬರೆದೆ. ಅಲ್ಲ ಎನ್ನುವುದಾದರೆ ಹೇಳು. ನನಗೆ ಜ್ವರದ ಮೇಲೆ ಜ್ವರ ಬಂದಿದೆ, ಹಗಲು ಹನ್ನೆರಡು ಗಂಟೆಗೆ ನೆಲದ ಮೇಲೆ ಮಲಗಿ ಎದ್ದು ಪಾಠ ಹೇಳಿದ್ದೇನೆ, ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಈಗ ಬಂದಿದೆ. ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅಳುತ್ತಿದ್ದೆ, ಅತ್ತು ಸುಮ್ಮನಾಗುತ್ತಿದ್ದೆ. ನನ್ನ ಕಾಯಿಲೆಯನ್ನು ನಂಬಿ ನಿನ್ನ ಕೈಗೆ ಕೊಟ್ಟಿದ್ದೆ. ಅದನ್ನೇ ಎತ್ತಿ ನನಗೆ ಹೊಡೆದೆ.

ಗೋದಾ

ಮಂಡ್ಯ
4-3-1974

ಗೋದಾ,

ಹೌದು ಕಣೆ, ನಾನೇ ಕೊಟ್ಟೆ. ಮೂರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ದಸರಾಗೆ ಎಂಟು ದಿನ ಮೊದಲೇ ನಮ್ಮೆಜಮಾನರ ಬ್ಲಫ್ ಆರ್ಡರು ರದ್ದಾಯಿತು. ನಮ್ಮ ವರ್ಗದ ಕಾಗದ ಅಷ್ಟರಲ್ಲಿ ಟೈಪಾಗಿ ಸಹಿಗೆ ಹೋಗಿತ್ತು. ಅವರು ಇಲ್ಲಿ, ನಾನು ಹೊಂಬಾಳಿಯನ್ನೂ ಚಿಕ್ಕವನನ್ನೂ ಕಟ್ಟಿಕೊಂಡು ಕರೆಂಟಿಲ್ಲದ ಆ ಊರಲ್ಲಿ, ಅತ್ತೆ ಬೇರೆ. ಈಗ ಒಲ್ಲೆ ಅಂದರೆ ಆಗಲ್ಲ, ಎದುರಿನವರ ಆರೋಗ್ಯದ ಮೇಲೆ ತಕರಾರು ಇದ್ದರೆ ಮಾತ್ರ ನಿಲ್ಲುತ್ತೆ ಅಂತ ಯಾರೋ ಇವರಿಗೆ ಹೇಳಿಕೊಟ್ಟರು. ‘ಸುಳ್ಳೇನ್ ಬರಿತಿಲ್ವಲ್ಲ ನೀನು, ಡಾಕ್ಟ್ರು ಯೋಳಿದ್ದು ಎದೆ ಅಂತ್ಲೇ ತಾನೆ’ ಅಂದರು. ಆ ಮಾತನ್ನು ಜನ ಹೇಗೆ ಓದುತ್ತಾರೆ ಅಂತ ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ನೀನೇ ಬರೆದು ತಿಳಿಸಿದ್ದೆ. ಕಾರ್ಡಿನ ವಿಷಯವೂ ನೀನು ಹೇಳಿದ ಹಾಗೇ. ನಿನ್ನ ಮುಖ ನೋಡಿ ಬರುವುದಿಲ್ಲ ಅನ್ನುವ ಧೈರ್ಯ ನನಗೆ ಬರಲಿಲ್ಲ. ಕ್ಷಮಿಸು.

ಈಗ ಇನ್ನೊಂದು ಆಗಿದೆ, ಯಾವ ಬಾಯಲ್ಲಿ ಕೇಳಲಿ. ಪ್ರಸ್ತಾಪ ಕೈಬಿಟ್ಟ ಜ್ಞಾಪನದ ಜೊತೆ ನನ್ನ ಮನವಿಯ ನಕಲನ್ನು ನಮ್ಮ ಶಾಲೆಗೂ ಕಳಿಸಿದ್ದಾರೆ. ನಮ್ಮ ಮನೆಯಲ್ಲಿ ತಂಗಿದ್ದಾಗ ಕಣ್ಣಾರೆ ಕಂಡಿದ್ದೇನೆ ಅಂತ ಬರೆದಿದ್ದೆನಲ್ಲ, ಹೆಡ್‌ಮಿಸ್ಟ್ರೆಸ್ ಅದನ್ನು ಹಿಡಿದುಕೊಂಡಿದ್ದಾರೆ. ಅಂಥ ಕಾಯಿಲೆಯವರು ತಂಗಿದ್ದ ಮನೆಯ ಮಗು ಎಂದು ಹೊಂಬಾಳಿಯನ್ನು ಬಾಗಿಲ ಹತ್ತಿರ ಒಂಟಿಯಾಗಿ ಕೂರಿಸಿದ್ದಾರೆ. ಮಗು ಊಟದ ಡಬ್ಬಿ ಹಾಗೇ ವಾಪಸ್ಸು ತರುತ್ತೆ. ಗೋದತ್ತೆಗೆ ಏನಾಗಿತ್ತಮ್ಮ ಅಂತ ಕೇಳುತ್ತೆ. ನಿನ್ನ ಹತ್ತಿರ ಜಿಲ್ಲಾ ಆಸ್ಪತ್ರೆಯ ಸರ್ಟಿಫಿಕೇಟ್ ಇದೆಯಲ್ಲ, ಅದರ ನಕಲು ಒಂದು ಕಳಿಸುತ್ತೀಯಾ? ನನ್ನ ಮುಖ ನೋಡಬೇಡ, ಮಗುವಿನ ಮುಖ ನೋಡಿ ಕಳಿಸು.

ಇಂದ್ರ

ಮಾಳದಕೊಪ್ಪಲು
17-3-1974

ಇಂದ್ರಮ್ಮ,

ನೀನು ಕೇಳಿದ ನಕಲು ಇದರ ಜೊತೆಯಲ್ಲಿದೆ. ನಾನು ಕೈಯಲ್ಲಿ ಬರೆದದ್ದನ್ನು ನಂಬದೆ ಹೋದಾರು ಎಂದು ಮಳವಳ್ಳಿಗೆ ಹೋಗಿ ಟೈಪು ಮಾಡಿಸಿ, ಅಲ್ಲಿನ ಡಾಕ್ಟರಿಂದ ಸಹಿ ಮೊಹರು ಹಾಕಿಸಿದ್ದೇನೆ. ಹೊರಟಾಗ ಜ್ವರವಿತ್ತು. ಬಸ್ಸಿನಲ್ಲಿ ಎರಡು ಸಲ ಯೋಚಿಸಿದೆ, ಇಳಿದು ವಾಪಸ್ಸು ಹೋಗಿಬಿಡಲೇ ಎಂದು. ಬಾಗಿಲ ಹತ್ತಿರ ಒಂಟಿಯಾಗಿ ಕೂತ ಮಗುವಿನ ಜಡೆ ಕಣ್ಣಿಗೆ ಕಟ್ಟಿತು. ಇಳಿಯಲಿಲ್ಲ.

ಇದು ಹೊಂಬಾಳಿಗೆ. ನಿನ್ನನ್ನು ನಾನು ಕ್ಷಮಿಸಿಲ್ಲ, ಮುಂದೆ ಕ್ಷಮಿಸುತ್ತೇನೆ ಎಂದೂ ತೋರುವುದಿಲ್ಲ. ಇನ್ನು ಕಾಗದ ಬರೆಯಬೇಡ.

ನಿಮ್ಮ ಹೆಡ್‌ಮಿಸ್ಟ್ರೆಸ್ ಓದಿದವರು. ಶ್ವಾಸಕೋಶ ಶುದ್ಧವಾಗಿದೆ, ಕಾಯಿಲೆ ಹೃದಯದ್ದು, ಅಂಟುವುದಿಲ್ಲ ಎಂದು ಬರೆದಿರುವುದನ್ನು ತಮ್ಮ ಕಣ್ಣಿನಿಂದ ಓದಿಕೊಂಡು ಅವತ್ತೇ ಮಗುವನ್ನು ಎಲ್ಲರ ಜೊತೆ ಕೂರಿಸುತ್ತಾರೆ. ನನಗೆ ಅನುಮಾನವಿಲ್ಲ.

ಇಲ್ಲಿ ಇದೇ ಕಾಗದವನ್ನು ಹಿಡಿದುಕೊಂಡು ನಾನು ಮನೆಮನೆಗೂ ಹೋದೆ. ಹೊಸಿಲ ಆಚೆಯೇ ನಿಂತು, ಒಂದೊಂದು ಸಾಲನ್ನೂ ಓದಿ, ಅರ್ಥ ಬಿಡಿಸಿ ಹೇಳಿದೆ. ಕೊನೆಗೆ ಚಿಕ್ಕಬೋರಮ್ಮನ ಮನೆಯ ಮುಂದೆ ಓದಿದೆ. ಅವಳು ಪೂರ್ತಿ ಕೇಳಿದಳು. ಒಳ್ಳೆಯವಳು, ನನ್ನ ಮನಸ್ಸಿಗೆ ನೋವಾಗಬಾರದು ಎಂದು ತಡೆದು ತಡೆದು ಹೇಳಿದಳು.

‘ಇದ ಓದಿದ್ದು ನೀವೇ ಅಲ್ವಾ ಮೇಡಮ್ನೋರೆ. ನೀವ್ ಓದ್ದಂಗೆ ನಾವ್ ಕೇಳ್ಬೇಕು. ಆದ್ರೆ ಆ ಕಾರ್ಡ ಬರ್ದಿರದು ನಿಮ್ ಗೆಣತಿ. ಜತೇಲ್ ಓದ್ದೋಳು, ನಿಮ್ಮ ಕಂಡ್ರೆ ಪ್ರಾಣ ಅಂತ ನೀವೇ ಯೋಳಿದ್ರಿ. ಅಂತಾ ಗೆಣತಿ ನಿಮ್ ಮ್ಯಾಲೆ ಯಾಕವ್ವ ಸುಳ್ಳ ಬರ್ದಾಳು?’

ಕಾಗದ ಮಡಚಿಕೊಂಡು ಶಾಲೆಗೆ ಹೋದೆ.

ಗೋದಾ